ಕೆಂಗೇರಿ ಪುರಸಭೆಯ ಕುರ್ಚಿಗಳು ಎಲ್ಲಿ ಹೋದವು?

ಜ್ಞಾನಭಾರತಿಯ ಹಾಸ್ಟೆಲಿನಿಂದ ಮೈಸೂರು ರಸ್ತೆಗೆ ಬಂದು ಬಸ್ಸು ಹಿಡಿದರೆ ಸ್ವಲ್ಪ ಹೊತ್ತಿಗೆಲ್ಲ ಕೆಂಗೇರಿ. ೨೦೨೧ರ ಆಗಸ್ಟಿನಿಂದ ಮೆಟ್ರೊ ಕೂಡ ಇದೆ. ಇಳಿದವರ ಕಣ್ಣಿಗೆ ಇದು ಬೆಂಗಳೂರಿನ ಇನ್ನೊಂದು ಬಡಾವಣೆ. ಆದರೆ ಈ ಊರಿಗೆ ತನ್ನದೇ ಪುರಸಭೆ ಇತ್ತು. ತನ್ನದೇ ಅಧ್ಯಕ್ಷ, ತನ್ನದೇ ಮುಖ್ಯಾಧಿಕಾರಿ, ತನ್ನದೇ ಕಸದ ಗಾಡಿ, ತನ್ನದೇ ಜಗಳ. ೨೦೦೭ರ ಜನವರಿಯಲ್ಲಿ ಸರ್ಕಾರ ಹಳೆಯ ಮಹಾನಗರ ಪಾಲಿಕೆಯ ೧೦೦ ವಾರ್ಡುಗಳಿಗೆ ೭ ನಗರಸಭೆ, ೧ ಪುರಸಭೆ, ೧೧೦ ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಅಂತ ಹೆಸರಿಟ್ಟಿತು. ನಗರಸಭೆಗಳೆಂದರೆ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಕೃಷ್ಣರಾಜಪುರ, ಮಹದೇವಪುರ. ಆ ಒಂದೇ ಒಂದು ಪುರಸಭೆ ಕೆಂಗೇರಿ.

ಹೀಗೆ ನಗರದ ಹೊಟ್ಟೆಗೆ ಸೇರಿದ ಊರುಗಳ ಬಗ್ಗೆ ಆಗಾಗ ನಿಟ್ಟುಸಿರಿನ ಲೇಖನಗಳು ಬರುತ್ತವೆ. ಅಯ್ಯೋ ಆ ಕೆರೆ, ಅಯ್ಯೋ ಆ ತೋಟ, ಅಯ್ಯೋ ಆ ತೇರು, ಎಲ್ಲಾ ಹೋಯ್ತಲ್ಲ ಅಂತ. ಬರೆಯುವವರು ಸಾಮಾನ್ಯವಾಗಿ ಊರ ನಡುಬೀದಿಯವರು. ಅವರ ದುಃಖ ಸುಳ್ಳು ಅಂತ ನಾವು ಹೇಳುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ತೇರು ಕೇರಿಯ ತಿರುವಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಕೆರೆಗೆ ಇಳಿಯುವ ಮೆಟ್ಟಿಲು ಎರಡಿದ್ದವು. ತೋಟಕ್ಕೆ ನಾವು ಹೋದದ್ದು ಕೂಲಿಗೆ. ಕೆಂಗೇರಿ ಎಂಬ ಹೆಸರಲ್ಲೇ ಒಂದು ಕೇರಿ ಇದೆ. ಹೆಸರಲ್ಲಿ ಕೇರಿ ಇದ್ದ ಮಾತ್ರಕ್ಕೆ ಊರಿನಲ್ಲಿ ಕೇರಿಗೆ ಜಾಗ ಇರುತ್ತದೆಯೆ?

ಆದ್ದರಿಂದ ಹಳೇ ಊರು ಹೋಯಿತು ಅಂತ ಅಳುವ ಕೆಲಸ ನಮ್ಮದಲ್ಲ. ಬಾಬಾಸಾಹೇಬರು ೧೯೪೮ರ ನವೆಂಬರ್ ೪ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸಿದಾಗ, ಹಳ್ಳಿಯನ್ನೇ ದೇಶದ ಬುನಾದಿ ಮಾಡಿ ಎಂದು ಕೂಗುತ್ತಿದ್ದವರಿಗೆ ಮುಲಾಜಿಲ್ಲದೆ ಉತ್ತರ ಕೊಟ್ಟರು. ಬುನಾದಿ ಹಳ್ಳಿಯಲ್ಲ, ಒಬ್ಬೊಬ್ಬ ಮನುಷ್ಯ ಎಂದರು. ನಮ್ಮ ಅಪ್ಪಂದಿರು, ಅಜ್ಜಂದಿರು ಮಾಗಡಿ, ಕನಕಪುರ, ಕುಣಿಗಲು ಕಡೆಯಿಂದ ಗಂಟು ಕಟ್ಟಿಕೊಂಡು ಬೆಂಗಳೂರಿನ ಪಡುವಲ ದಿಕ್ಕಿಗೆ ಬಂದದ್ದು ಇದೇ ನಂಬಿಕೆಯಿಂದ. ನಗರದಲ್ಲಿ ಬಸ್ಸು ಹತ್ತಿದರೆ ಪಕ್ಕದವನು ಜಾತಿ ಕೇಳುವುದಿಲ್ಲ. ಹೋಟ್ಲಲ್ಲಿ ಲೋಟ ಬೇರೆ ಇಡುವುದಿಲ್ಲ. ಬಾಡಿಗೆ ಮನೆ ಕೇಳಿದಾಗ ಮಾತ್ರ, ‘ನೀವು ಯಾವ ಪೈಕಿ? ಮಾಂಸ ಗೀಂಸ ತಿಂತೀರಾ?’ ಅಂತ ಶುರುವಾಗುತ್ತದೆ. ಅದು ಬೇರೆ ಮಾತು, ಇನ್ನೊಂದು ಸಲ ಬರೆಯೋಣ.

ನಗರಕ್ಕೆ ನಾವು ನಡೆದು ಬಂದೆವು. ಕೆಂಗೇರಿಗೆ ನಗರವೇ ನಡೆದು ಬಂತು. ಬರುವಾಗ ಅದು ಏನು ತಂದಿತು, ಏನು ತೆಗೆದುಕೊಂಡು ಹೋಯಿತು? ಈ ಲೆಕ್ಕವನ್ನು ನಮ್ಮ ಕೇರಿಯ ಮೂಲೆಯಿಂದ ನಿಂತು ಮಾಡಿದವರು ಕಡಿಮೆ.

ತಂದದ್ದರಲ್ಲಿ ಮೊದಲನೆಯದು ಕೊಳಚೆ. ಅಧಿಸೂಚನೆ ಹೊರಡುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಬೆಂಗಳೂರು ನೀರಿನ ದಾರಿ ಹಿಡಿದು ಕೆಂಗೇರಿಗೆ ಬಂದಿತ್ತು. ವೃಷಭಾವತಿ ಒಂದು ಕಾಲಕ್ಕೆ ಹೊಳೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆಯ ಬಚ್ಚಲು, ಕಕ್ಕಸು, ಪೀಣ್ಯದ ಕಡೆಯ ಕಾರ್ಖಾನೆಗಳ ನೀರು ಅದಕ್ಕೆ ಬಿದ್ದು, ನಾಯಂಡಹಳ್ಳಿ ದಾಟಿ, ಕೆಂಗೇರಿ ಮುಟ್ಟಿ, ಬಿಡದಿ ಪಕ್ಕದ ಭೈರಮಂಗಲದ ಕೆರೆಗೆ ನೊರೆ ಕಾರುತ್ತಾ ಹೋಗುತ್ತದೆ. ಮೇಲಿನವರು ತೊಳೆದುಕೊಂಡದ್ದು ಕೆಳಗಿನವರ ಬಾಗಿಲಿಗೆ. ಗೆಳೆಯರೆ, ಈ ವ್ಯವಸ್ಥೆ ನಮಗೆ ಹೊಸದೇನೂ ಅಲ್ಲ. ಜಾತಿಯ ಏಣಿಯನ್ನು ಯಾರಿಗಾದರೂ ಪುಸ್ತಕವಿಲ್ಲದೆ ತೋರಿಸಬೇಕಾದರೆ ವೃಷಭಾವತಿಯ ದಂಡೆಗೆ ಕರೆದುಕೊಂಡು ಹೋಗಿ. ನೆಲದ ಇಳಿಜಾರು ಅಂತ ಎಂಜಿನಿಯರು ಹೇಳುತ್ತಾನೆ. ಹೌದು ಸ್ವಾಮಿ, ನೀರು ಇಳಿಜಾರಿಗೇ ಹರಿಯುತ್ತದೆ, ಒಪ್ಪಿದೆವು. ಶುದ್ಧ ಮಾಡದೆ ಬಿಡು ಅಂತ ಇಳಿಜಾರು ಹೇಳಿತೆ?

ಕುಡಿಯುವ ನೀರಿನ ಕಥೆ ಕೇಳಿ. ಪಾಲಿಕೆಯ ಹೊಸ ಪದ್ಧತಿಯ ಆಸ್ತಿ ತೆರಿಗೆ ೨೦೦೮ಕ್ಕೇ ಬಂತು. ೨೦೦೭ರಲ್ಲಿ ಸೇರಿಸಿದ ೧೧೦ ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ ೭೭೫ ದಶಲಕ್ಷ ಲೀಟರಿನ ಯೋಜನೆ, ಉದ್ಘಾಟನೆ ಆದದ್ದು ೨೦೨೪ರ ಅಕ್ಟೋಬರಿನಲ್ಲಿ. ತೆರಿಗೆ ಒಂದು ವರ್ಷಕ್ಕೆ ಬಂತು, ನೀರಿಗೆ ಹದಿನೇಳು ವರ್ಷ. ಈ ಹದಿನೇಳು ವರ್ಷ ಟ್ಯಾಂಕರಿಗೆ ದುಡ್ಡು ಕೊಡುವ ಶಕ್ತಿ ಇದ್ದವರು ಟ್ಯಾಂಕರು ತರಿಸಿದರು. ಇಲ್ಲದವರು ಬಿಂದಿಗೆ ಹಿಡಿದು ನಿಂತರು. ಬಿಂದಿಗೆ ಹಿಡಿದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಅದರಲ್ಲೂ ಕೇರಿಯ ಹೆಣ್ಣುಮಕ್ಕಳು ಅಂತ ಬೇರೆ ಹೇಳಬೇಕೆ?

ಈಗ ತೆಗೆದುಕೊಂಡು ಹೋದದ್ದರ ವಿಚಾರ. ಹಾಸ್ಟೆಲಿನಲ್ಲಿ ಈ ಮಾತು ಎತ್ತಿದರೆ ಕೆಲವು ಗೆಳೆಯರು ನಗುತ್ತಾರೆ. ‘ಏನ್ ಗುರು, ಚರಂಡಿ, ಬೀದಿದೀಪದ ರಾಜಕಾರಣ ಮಾಡ್ತೀರಾ? ಕ್ರಾಂತಿ ಎಲ್ಲಿ ಹೋಯ್ತು?’ ಅವರಿಗೆ ನಮ್ಮದೊಂದು ಪ್ರಶ್ನೆ. ಮಹಾಡಿನ ಚವದಾರ ಕೆರೆ ಯಾರ ಕೈಯಲ್ಲಿತ್ತು? ಮಹಾಡ್ ಎಂಬ ಸಣ್ಣ ಪಟ್ಟಣದ ಪುರಸಭೆಯ ಕೈಯಲ್ಲಿ. ೧೯೨೩ರಲ್ಲಿ ಬೊಂಬಾಯಿ ಶಾಸನ ಸಭೆ ಬೋಲೆ ಅವರ ಗೊತ್ತುವಳಿ ಒಪ್ಪಿತು. ೧೯೨೪ರಲ್ಲಿ ಮಹಾಡ್ ಪುರಸಭೆ ಕೆರೆ ಎಲ್ಲರಿಗೂ ತೆರೆದಿದೆ ಎಂದು ನಿರ್ಣಯ ಮಾಡಿತು. ಆ ನಿರ್ಣಯ ಕಾಗದದಲ್ಲೇ ಉಳಿದಿತ್ತು. ೧೯೨೭ರ ಮಾರ್ಚ್ ೨೦ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆ ನೀರು ಎತ್ತಿದ್ದು ಆ ಕಾಗದವನ್ನು ನಿಜ ಮಾಡುವುದಕ್ಕೆ. ಅದೇ ವರ್ಷ ಆಗಸ್ಟಿನಲ್ಲಿ ಅದೇ ಪುರಸಭೆ ತನ್ನ ನಿರ್ಣಯವನ್ನು ವಾಪಸ್ಸು ತೆಗೆದುಕೊಂಡಿತು. ಆಮೇಲೆ ಕೋರ್ಟು, ಹತ್ತು ವರ್ಷ. ಕೆರೆ ತೆರೆದದ್ದೂ ಪುರಸಭೆಯ ಕೈ ಎತ್ತಿದಾಗ, ಮುಚ್ಚಿದ್ದೂ ಪುರಸಭೆಯ ಕೈ ಎತ್ತಿದಾಗ. ಆ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ ಎನ್ನುವುದು ಸಣ್ಣ ಮಾತೆ?

ನಮ್ಮ ಕರ್ನಾಟಕದಲ್ಲೂ ಅಷ್ಟೆ. ಪೌರಾಡಳಿತ ಎಂದರೆ ಬೇರೆಯವರಿಗೆ ಖಾತೆ, ಲೈಸೆನ್ಸು. ನಮಗೆ ಅದು ಬಕೆಟ್ಟು, ಪೊರಕೆ. ಎಪ್ಪತ್ತರ ದಶಕದ ಮೊದಲಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಎಂದು ಆಜ್ಞೆ ಮಾಡಿದಾಗ, ಅದನ್ನು ಪಾಲಿಸಬೇಕಾದದ್ದು ಊರೂರಿನ ಪುರಸಭೆ, ನಗರಸಭೆಗಳು. ಅದೇ ದಶಕದ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಕೆಲಸ, ಮನೆ, ಸಂಬಳದ ಬಗ್ಗೆ ಬರೆದದ್ದನ್ನು ನಮ್ಮ ಜನ ಇವತ್ತಿಗೂ ಹಿಡಿದು ಕೇಳುತ್ತಾರೆ. ಬೃಹತ್ ಬೆಂಗಳೂರಿನ ಕಸದ ಕೆಲಸ ಬಹುಪಾಲು ಗುತ್ತಿಗೆದಾರರ ಕೈಯಲ್ಲಿತ್ತು. ೨೦೧೭ರವರೆಗೆ ಗುಡಿಸುವವರ ಕೈಗೆ ನೇರವಾಗಿ ಪಾಲಿಕೆಯ ಸಂಬಳ ಕೂಡ ಬರುತ್ತಿರಲಿಲ್ಲ. ೨೦೨೨ರ ಜುಲೈ ಮೊದಲ ವಾರ ಪೊರಕೆ ಕೆಳಗಿಟ್ಟು ಕೂತರು. ಖಾಯಂ ಮಾಡುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತು. ನೇಮಕಾತಿ ಪತ್ರ ೧೨ ಸಾವಿರಕ್ಕೂ ಹೆಚ್ಚು ಜನರ ಕೈಗೆ ಬಂದದ್ದು ೨೦೨೫ರ ಮೇ ಒಂದನೇ ತಾರೀಖು. ಕುಳಿತದ್ದರಿಂದ ಬಂತು, ಯಾರೂ ತಾನಾಗಿ ಕೊಡಲಿಲ್ಲ.

ಇರಲಿ, ಕುರ್ಚಿಗೆ ಬರೋಣ.

೨೦೦೧ರ ಜನಗಣತಿಯಲ್ಲಿ ಕೆಂಗೇರಿಯ ಜನ ಸುಮಾರು ೪೨ ಸಾವಿರ. ೧೯೬೪ರ ಪುರಸಭೆಗಳ ಕಾಯ್ದೆಯಂತೆ ಅಷ್ಟು ಜನರಿರುವ ಪಟ್ಟಣಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಸದಸ್ಯರು. ಸಂವಿಧಾನದ ೭೪ನೇ ತಿದ್ದುಪಡಿ ೧೯೯೩ರಲ್ಲಿ ಜಾರಿಗೆ ಬಂದ ಮೇಲೆ ಪರಿಶಿಷ್ಟರಿಗೆ ಅವರ ಜನಸಂಖ್ಯೆಗೆ ತಕ್ಕಷ್ಟು ಜಾಗ, ಮೂರರಲ್ಲೊಂದು ಪಾಲು ಹೆಂಗಸರಿಗೆ, ಪರಿಶಿಷ್ಟರ ಜಾಗದಲ್ಲೂ ಮೂರರಲ್ಲೊಂದು ಹೆಂಗಸರಿಗೆ. ಅಂದರೆ ಇಪ್ಪತ್ತು ಚಿಲ್ಲರೆ ಕುರ್ಚಿ ಇರುವ ಯಾವುದೇ ಪುರಸಭೆಯಲ್ಲಿ ಪ್ರತಿ ಸಲವೂ ಕೆಲವು ಕುರ್ಚಿ ನಮ್ಮವು. ವಾರ್ಡು ಬದಲಾಗಬಹುದು, ಕುರ್ಚಿ ತಪ್ಪುವುದಿಲ್ಲ. ಕೂತವನು ಪುಢಾರಿ ಆಗಿರಬಹುದು, ಗೌಡರ ಬಾಲ ಹಿಡಿದವನಾಗಿರಬಹುದು. ನಮ್ಮವರು ಎನ್ನುವ ಕಾರಣಕ್ಕೆ ಒಳ್ಳೆಯವರಾಗಿಬಿಡುವುದಿಲ್ಲ, ಅದು ನಮಗೆ ಚೆನ್ನಾಗಿ ಗೊತ್ತು. ಆದರೂ ಅವನ ಮನೆ ಕೇರಿಯಲ್ಲೇ ಇರುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದಾಗ ಹೋಗಿ, ‘ಏನ್ಲಾ ಮೆಂಬರಪ್ಪ, ನಲ್ಲೀಲಿ ನೀರು ಬಂದು ಎಂಟು ದಿನ ಆಯ್ತಲ್ಲೋ, ಓಟು ಕೇಳೋಕೆ ಬಂದಾಗ ಅತ್ತೆ ಅಂತಿದ್ದೆ’ ಅಂತ ನಮ್ಮ ಅತ್ತೆಯಂದಿರು ಬಯ್ಯಬಹುದಿತ್ತು. ಪ್ರಜಾಪ್ರಭುತ್ವದ ಬಗ್ಗೆ ಯೂನಿವರ್ಸಿಟಿಯಲ್ಲಿ ಎಷ್ಟೋ ಪಾಠ ಕೇಳಿದ್ದೇವೆ. ಆ ಬೈಗುಳಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ಸಿಕ್ಕಿಲ್ಲ.

ಸೇರ್ಪಡೆ ಆದ ಮೇಲೆ ಏನಾಯಿತು? ಇಡೀ ನಗರವನ್ನು ೧೯೮ ವಾರ್ಡು ಮಾಡಿದರು. ಕೆಂಗೇರಿಯ ಹೆಸರಿಗೆ ಬಂದದ್ದು ಒಂದು ವಾರ್ಡು, ೧೫೯ನೆಯದು. ಒಂದು ವಾರ್ಡಿಗೆ ಒಬ್ಬ ಕಾರ್ಪೊರೇಟರು. ಇಪ್ಪತ್ತು ಚಿಲ್ಲರೆ ಕುರ್ಚಿಗಳು ಕರಗಿ ಒಂದೇ ಕುರ್ಚಿ ಆಯಿತು. ಈ ಒಂದು ಕುರ್ಚಿಯಲ್ಲಿ ನಮ್ಮ ಪಾಲನ್ನು ಹೇಗೆ ಕೂರಿಸುವುದು? ಒಂದು ಕಾಲನ್ನು ಮಾತ್ರ ನಮಗೆ ಕೊಡುತ್ತಾರೆಯೆ? ನಗರದ ಒಟ್ಟು ಲೆಕ್ಕದಲ್ಲಿ ಮೀಸಲಾತಿ ಸರಿಯಾಗಿಯೇ ಇರುತ್ತದೆ, ಕಾನೂನು ಎಲ್ಲೂ ಮುರಿದಿಲ್ಲ. ಆದರೆ ಮೀಸಲು ವಾರ್ಡು ಸರದಿಯಲ್ಲಿ ಸುತ್ತುತ್ತದೆ. ಅದು ನಮ್ಮೂರಿಗೆ ಬರಲು ಎಷ್ಟು ಚುನಾವಣೆ ಬೇಕೋ. ಬಂದರೂ ಟಿಕೆಟ್ಟು ಯಾರಿಗೆ? ಹತ್ತಾರು ಸಾವಿರ ಓಟಿನ ವಾರ್ಡಿನಲ್ಲಿ ನಿಲ್ಲಬೇಕಾದರೆ ಬ್ಯಾನರು, ಜೀಪು, ಬಾಡೂಟದ ಖರ್ಚು ಯಾರು ಕೊಡುತ್ತಾರೆ? ಪುರಸಭೆಯ ವಾರ್ಡಿಗೆ ಸೈಕಲ್ಲಿನಲ್ಲಿ ಸುತ್ತಿ ಗೆಲ್ಲಬಹುದಿತ್ತು.

ಸುತ್ತಲಿನ ೧೧೦ ಹಳ್ಳಿಗಳ ಕಥೆ ಇನ್ನೂ ಸೂಕ್ಷ್ಮ. ಅಲ್ಲಿ ಗ್ರಾಮ ಪಂಚಾಯ್ತಿ ಇತ್ತು. ಪಂಚಾಯ್ತಿಯಲ್ಲಿ ಕೇರಿಯ ಹೆಂಗಸೊಬ್ಬಳು ಸದಸ್ಯೆಯಾಗಿ, ಗಂಡ ಪಕ್ಕದಲ್ಲಿ ಕೂತು ಮಾತಾಡಿದರೂ, ಹೆಬ್ಬೆಟ್ಟೋ ಸಹಿಯೋ ತಾನೇ ಹಾಕುತ್ತಿದ್ದಳು. ಎರಡನೇ ಅವಧಿಗೆ ಗಂಡನನ್ನು ಆಚೆ ಕೂರಿಸುವ ಧೈರ್ಯ ಬರುತ್ತಿತ್ತು. ಸೇರ್ಪಡೆಯಾದ ದಿನವೇ ಆ ಶಾಲೆ ಮುಚ್ಚಿತು.

ಇನ್ನು ಆ ಒಂದೇ ಕುರ್ಚಿಯಾದರೂ ತುಂಬಿತ್ತೆ ನೋಡಿ. ಸೇರ್ಪಡೆ ೨೦೦೭ರಲ್ಲಿ, ಮೊದಲ ಚುನಾವಣೆ ೨೦೧೦ರ ಮಾರ್ಚಿನಲ್ಲಿ. ಮೂರು ವರ್ಷ ಖಾಲಿ. ಎರಡನೇ ಚುನಾವಣೆ ೨೦೧೫ರ ಆಗಸ್ಟಿನಲ್ಲಿ. ೨೦೨೦ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕು ಅಂತ ಸಂವಿಧಾನವೇ ಹೇಳುತ್ತದೆ. ಆರು ವಾರದಲ್ಲಿ ಮಾಡಿ ಎಂದು ೨೦೨೦ರ ಡಿಸೆಂಬರಿನಲ್ಲಿ ಹೈಕೋರ್ಟು ಹೇಳಿತು, ಸುಪ್ರೀಂ ಕೋರ್ಟಿನಿಂದ ತಡೆ ಬಂತು. ಆಮೇಲೆ ವಾರ್ಡು ೨೪೩ ಎಂದರು, ಮತ್ತೆ ೨೨೫ ಎಂದರು. ಐದು ವರ್ಷ ಹೀಗೇ ಹೋಯಿತು. ೨೦೨೫ರ ಸೆಪ್ಟೆಂಬರ್ ೨ರಂದು ಒಂದು ಪಾಲಿಕೆಯನ್ನೇ ಒಡೆದು ಐದು ಮಾಡಿದರು. ಸೇರಿಸಿದಾಗಿನಿಂದ ಒಡೆಯುವವರೆಗಿನ ಹದಿನೆಂಟು ವರ್ಷದಲ್ಲಿ ಎಂಟು ವರ್ಷಕ್ಕೂ ಹೆಚ್ಚು ಕಾಲ ಕೆಂಗೇರಿಯ ಜನ ಆರಿಸಿದ ಒಬ್ಬನೇ ಒಬ್ಬ ಸದಸ್ಯ ಪಾಲಿಕೆಯಲ್ಲಿ ಇರಲಿಲ್ಲ. ಸೇರಿಸುವಾಗಲೂ ಕೇಳಲಿಲ್ಲ, ಒಡೆಯುವಾಗಲೂ ಕೇಳಲಿಲ್ಲ. ಕೇಳಬೇಕಾದ ಮನೆಗೆ ಬೀಗ ಹಾಕಿ ಬೀಗದಕೈ ಆಡಳಿತಾಧಿಕಾರಿಯ ಜೇಬಿಗೆ ಹಾಕಿದ್ದರಲ್ಲ!

ಇಂಥ ಲೆಕ್ಕಾಚಾರ ನಮ್ಮಲ್ಲಿ ಮಾತ್ರ ನಡೆಯುತ್ತದೆ ಅಂದುಕೊಳ್ಳಬೇಡಿ. ಅಮೆರಿಕದ ವರ್ಜೀನಿಯಾದಲ್ಲಿ ರಿಚ್ಮಂಡ್ ಎಂಬ ನಗರ. ಕರಿಯರ ಸಂಖ್ಯೆ ನೂರಕ್ಕೆ ೫೨ ಆಗಿತ್ತು. ೧೯೭೦ರ ಜನವರಿ ಒಂದರಂದು ನಗರ ತನ್ನ ಪಕ್ಕದ ಸೀಮೆಯಿಂದ ೨೩ ಚದರ ಮೈಲಿ ನೆಲವನ್ನು, ಸುಮಾರು ೪೭ ಸಾವಿರ ಜನರನ್ನು ಸೇರಿಸಿಕೊಂಡಿತು. ಬಂದವರು ಹೆಚ್ಚುಕಡಿಮೆ ಎಲ್ಲ ಬಿಳಿಯರು. ರಾತ್ರಿ ಬೆಳಗಾಗುವುದರಲ್ಲಿ ೫೨ ಇದ್ದದ್ದು ೪೨ ಆಯಿತು. ಯಾರಿಗೂ ಹೊಡೆಯಲಿಲ್ಲ, ಯಾರ ಗುಡಿಸಲಿಗೂ ಬೆಂಕಿ ಇಡಲಿಲ್ಲ. ನಕಾಶೆ ಮಾತ್ರ ದೊಡ್ಡದು ಮಾಡಿದರು. ಬಡವರಿಗೆಂದು ಸರ್ಕಾರ ಕಟ್ಟಿಸಿದ ಮನೆಗಳಲ್ಲಿ ವಾಸವಿದ್ದ ಕರ್ಟಿಸ್ ಹೋಲ್ಟ್ ಎಂಬ ಕರಿಯ ಮನುಷ್ಯ ಕೋರ್ಟಿಗೆ ಹೋದ. ವ್ಯಾಜ್ಯ ಅವರ ಸುಪ್ರೀಂ ಕೋರ್ಟು ಮುಟ್ಟಿತು. ೧೯೭೭ರವರೆಗೆ ಆ ನಗರದಲ್ಲಿ ಚುನಾವಣೆಯೇ ನಡೆಯಲಿಲ್ಲ. ಕೊನೆಗೆ ನಗರವನ್ನು ಒಂಬತ್ತು ವಾರ್ಡು ಮಾಡಿ ಚುನಾವಣೆ ನಡೆಸಿದಾಗ ಕರಿಯರ ಬಹುಮತ ಬಂತು, ಹೆನ್ರಿ ಮಾರ್ಷ್ ಆ ನಗರದ ಮೊದಲ ಕರಿಯ ಮೇಯರ್ ಆದ. ಸೇರಿದ ನೆಲ ವಾಪಸ್ಸು ಹೋಗಲಿಲ್ಲ. ಬದಲಾದದ್ದು ವಾರ್ಡಿನ ಗೆರೆ.

ಕೆಂಗೇರಿಯಲ್ಲಿ ಯಾರೋ ಕೂತು ದಲಿತರ ಓಟು ತೆಳ್ಳಗೆ ಮಾಡೋಣ ಎಂದು ಹುನ್ನಾರ ಹೂಡಿದರು ಅಂತ ನಾವು ಹೇಳುತ್ತಿಲ್ಲ. ನಮ್ಮ ಲೆಕ್ಕವೇ ಯಾರ ತಲೆಯಲ್ಲೂ ಇರಲಿಲ್ಲ. ರಸ್ತೆ, ತೆರಿಗೆ, ಬಡಾವಣೆ, ನೆಲದ ಬೆಲೆ, ಇವು ಮಾತ್ರ ಇದ್ದವು. ಹುನ್ನಾರ ಮಾಡುವವನ ತಲೆಯಲ್ಲಾದರೂ ನಾವು ಇರುತ್ತೇವೆ.

ಹಾಗಾದರೆ ಪುರಸಭೆ ವಾಪಸ್ಸು ಕೊಡಿ ಅಂತ ಕೇಳೋಣವೆ? ಬೇಡ. ಹಳೇ ಪುರಸಭೆಯನ್ನು ಚಿನ್ನದ ಕಾಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪುರಸಭೆಗಳಲ್ಲಿ ಟೆಂಡರು ಯಾರ ಮನೆಗೆ ಹೋಗುತ್ತಿತ್ತು, ದೀಪ ಮೊದಲು ಯಾವ ಬೀದಿಗೆ ಬರುತ್ತಿತ್ತು, ನಮಗೆ ಗೊತ್ತಿಲ್ಲದ್ದೇನಲ್ಲ. ನಗರ ಬೇಕು. ಮೆಟ್ರೊ ಬೇಕು, ಕಾವೇರಿ ಬೇಕು, ಜಾತಿ ಕೇಳದ ಜನಸಂದಣಿ ಬೇಕು. ಜೊತೆಗೆ ಕುರ್ಚಿಯೂ ಬೇಕು, ಅದು ಕೂಗಳತೆಯಲ್ಲೂ ಇರಬೇಕು.

ಈಗ ಐದು ಪಾಲಿಕೆ ಮಾಡಿದಾಗ ಹಳೆಯ ೧೯೮ರ ಜಾಗದಲ್ಲಿ ಮುನ್ನೂರಕ್ಕೂ ಹೆಚ್ಚು ವಾರ್ಡು ಗುರುತಿಸಿದ್ದಾರೆ. ವಾರ್ಡು ಚಿಕ್ಕದಾದಷ್ಟೂ ನಮಗೆ ಒಳ್ಳೆಯದು, ಇದನ್ನು ಒಪ್ಪಬೇಕು. ಆದರೆ ಗೆರೆ ಎಲ್ಲಿ ಹೋಗಿದೆ ಎಂದು ನೋಡಿದವರು ಯಾರು? ಒಂದು ಕೇರಿಯ ನಡುವೆ ಗೆರೆ ಹೋದರೆ ಆ ಕೇರಿ ಎರಡು ವಾರ್ಡಿನಲ್ಲೂ ಬಾಲ. ಕೇರಿ ಇಡಿಯಾಗಿ ಒಂದೇ ವಾರ್ಡಿನಲ್ಲಿ ಇದ್ದರೆ ಯಾವ ಪಕ್ಷದವನೂ ಅದನ್ನು ದಾಟಿ ಹೋಗಲಾರ. ನಕಾಶೆ ಓದಲು ಬರುವವರು ನಮ್ಮಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ಭೂಗೋಳ ಎಂ.ಎ. ಓದುವ ಗೆಳೆಯರು ಹಾಸ್ಟೆಲಿನಲ್ಲೇ ಇದ್ದೀರಿ. ಒಂದು ಭಾನುವಾರ ವಾರ್ಡಿನ ನಕಾಶೆ ಹಿಡಿದು ಕೆಂಗೇರಿ, ಉಲ್ಲಾಳ, ಹೆಮ್ಮಿಗೆಪುರದ ಕಡೆ ಕೇರಿ ಕೇರಿ ನಡೆಯಿರಿ. ಯಾವ ಕೇರಿ ತುಂಡಾಗಿದೆ ಬರೆದುಕೊಳ್ಳಿ. ಆ ಪಟ್ಟಿ ನಮ್ಮ ಕೈಯಲ್ಲಿದ್ದರೆ ಮುಂದಿನ ಸಲ ಆಕ್ಷೇಪಣೆ ಕರೆದಾಗ ತಡಬಡಾಯಿಸಬೇಕಾಗಿಲ್ಲ.

ವಾರ್ಡು ಸಮಿತಿ ಎನ್ನುವುದೊಂದಿದೆ. ಅದರಲ್ಲಿ ಪರಿಶಿಷ್ಟರಿಗೆ, ಹೆಂಗಸರಿಗೆ ಜಾಗ ಇಡಬೇಕು ಎಂದು ೨೦೧೧ರಲ್ಲೇ ಕಾಯ್ದೆಗೆ ತಿದ್ದುಪಡಿ ಆಯಿತು. ಅಪಾರ್ಟ್‌ಮೆಂಟಿನ ಸಂಘದವರು ಈ ಸಭೆಗಳಿಗೆ ತಪ್ಪದೆ ಹೋಗುತ್ತಾರೆ, ನಾಯಿ ಕಾಟದ ಬಗ್ಗೆ, ಪಾರ್ಕಿನ ಗೇಟಿನ ಬಗ್ಗೆ ಮಾತಾಡುತ್ತಾರೆ. ಕೇರಿಯವರಿಗೆ ಸಭೆ ಇದೆ ಎನ್ನುವುದೇ ಗೊತ್ತಿರುವುದಿಲ್ಲ. ಪೊರಕೆ ಹಿಡಿಯುವ ತಾಯಂದಿರು ಆ ಸಭೆಯ ಹೊರಗೆ ಗುಡಿಸುತ್ತಿರುತ್ತಾರೆ. ಹೋಗಿ ಕೂತುಕೊಳ್ಳಿ. ಕರೆಯಲಿ ಅಂತ ಕಾಯಬೇಡಿ.

ಕೊನೆಯದಾಗಿ ನಮ್ಮದೇ ಓಟಿನ ಮಾತು. ಹಾಸ್ಟೆಲಿನಲ್ಲಿ ಎರಡು ಮೂರು ವರ್ಷ ಇರುವ ವಿದ್ಯಾರ್ಥಿ ಅದೇ ವಿಳಾಸಕ್ಕೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬಹುದು. ನಮೂನೆ ೬ ತುಂಬಿ, ಓದುತ್ತಿದ್ದೀರಿ ಎಂದು ಕಾಲೇಜಿನ ಮುಖ್ಯಸ್ಥರ ದೃಢೀಕರಣ ಲಗತ್ತಿಸಿದರೆ ಆಯಿತು. ಒಬ್ಬರಿಗೆ ಒಂದೇ ಕಡೆ ಹೆಸರು. ಊರಲ್ಲಿ ನಿಮ್ಮ ಒಂದು ಓಟಿನಿಂದ ಕೇರಿಯ ಪಂಚಾಯ್ತಿ ಸದಸ್ಯ ಗೆಲ್ಲುವಂತಿದ್ದರೆ ಅಲ್ಲೇ ಇಟ್ಟುಕೊಳ್ಳಿ, ಯಾರ ಮ‌ಾತಿಗೂ ಬದಲಾಯಿಸಬೇಡಿ. ಊರಿಗೆ ಹೋಗಿ ಓಟು ಹಾಕುವುದೇ ಇಲ್ಲ ಎನ್ನುವವರು ಇಲ್ಲಿಗೆ ತನ್ನಿ. ದೃಢೀಕರಣಕ್ಕೆ ಹೋದಾಗ ನಾಳೆ ಬಾ, ನಾಡಿದ್ದು ಬಾ ಎಂದರೆ ಒಬ್ಬೊಬ್ಬರೇ ಅಲೆಯಬೇಡಿ, ಇಡೀ ಹಾಸ್ಟೆಲಿನ ಅರ್ಜಿಗಳನ್ನು ಕಟ್ಟು ಕಟ್ಟಿ ಒಂದೇ ದಿನ ತೆಗೆದುಕೊಂಡು ಹೋಗಿ.